ಫೆಸ್, ಟ್ಯೂನಿಸ್, ಅಲ್ಜಿಯರ್ಸ್‌ಗಳ ಕೋಟೆಯೊಳಗಿನ ಹಳೆಯೂರು: ಆ ಓಣಿಗಳು ಶತ್ರುವಿನ ದಾರಿ ತಪ್ಪಿಸಲೆಂದೇ ಹುಟ್ಟಿದವೇ?

ಅಗಸೆಬಾಗಿಲು:

ಮುಂದಿನ ಚಳಿಗಾಲದಲ್ಲಿ ಮೊರಾಕ್ಕೊಗೆ ಹೋಗುವ ಯೋಚನೆಯಿರುವುದರಿಂದ ಒಂದಿಷ್ಟು ಓದಿಕೊಳ್ಳುತ್ತಿದ್ದೇನೆ. ಫೆಸ್, ಮರಾಕೆಶ್, ಟ್ಯೂನಿಸ್, ಅಲ್ಜಿಯರ್ಸ್ ಮೊದಲಾದ ಊರುಗಳಲ್ಲಿ ಕೋಟೆಗೋಡೆಯೊಳಗೆ ಉಳಿದುಕೊಂಡಿರುವ ಹಳೆಯೂರಿನ, ಅಂದರೆ ಮದೀನಾದ, ವಿಷಯದಲ್ಲಿ ಬಹುತೇಕ ಪ್ರವಾಸಿ ಬರಹಗಳು ಒಂದೇ ವಿವರಣೆಯನ್ನು ಕೊಡುತ್ತವೆ. ಒಳನುಗ್ಗಿದ ಶತ್ರು ದಾರಿ ತಪ್ಪಿ ಸಿಕ್ಕಿಬೀಳಲಿ ಎಂದೇ ಓಣಿಗಳನ್ನು ಅಷ್ಟು ಇಕ್ಕಟ್ಟಾಗಿ, ಅಷ್ಟು ಅಂಕುಡೊಂಕಾಗಿ ಕಟ್ಟಿದರಂತೆ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಎಂದೋ ಒಮ್ಮೆ ಗೋಡೆ ದಾಟಿ ಬರಬಹುದಾದ ಸೈನ್ಯಕ್ಕೆ ಹೆದರಿ ಇಡೀ ಊರಿನ ಜನ ಸಾವಿರ ವರ್ಷ ತಮ್ಮ ದಿನನಿತ್ಯದ ಓಡಾಟವನ್ನೇ ಕಷ್ಟ ಮಾಡಿಕೊಂಡರೆಂದರೆ ನಂಬುವುದು ಹೇಗೆ? ನಗರರಚನೆಯನ್ನೂ ಇತಿಹಾಸವನ್ನೂ ಬಲ್ಲವರು ದಯವಿಟ್ಟು ವಿವರಿಸಬೇಕು.

ನೆರೆಗೋಡೆ:

ನಿಮ್ಮ ಅನುಮಾನಕ್ಕೆ ಬಲವಾದ ಆಧಾರವಿದೆ. ಕಟ್ಟಡ ವಿನ್ಯಾಸ ನನ್ನ ವೃತ್ತಿ, ಈ ಊರುಗಳ ನಕ್ಷೆಗಳನ್ನು ಬಹಳ ಕಾಲದಿಂದ ನೋಡುತ್ತ ಬಂದಿದ್ದೇನೆ. ಓಣಿಗಳ ಆಕಾರವನ್ನು ನಿರ್ಧರಿಸಿದವರು ಸೇನಾಪತಿಗಳಿಗಿಂತ ಹೆಚ್ಚಾಗಿ ಖಾಜಿಗಳು ಮತ್ತು ಮೇಸ್ತ್ರಿಗಳು ಎಂಬುದು ನನ್ನ ಅಭಿಪ್ರಾಯ.

ಮೊರಾಕ್ಕೊದಿಂದ ಟ್ಯುನೀಸಿಯದವರೆಗಿನ ನಾಡು ಮಾಲಿಕಿ ಪಂಥದ ಧರ್ಮಶಾಸ್ತ್ರವನ್ನು ಅನುಸರಿಸುತ್ತ ಬಂದದ್ದು. ಕಟ್ಟಡಗಳ ವಿಚಾರದಲ್ಲಿ ಆ ಶಾಸ್ತ್ರ ಹೇಳುವುದೆಲ್ಲ ಬಹುಮಟ್ಟಿಗೆ ಒಂದು ತತ್ತ್ವದ ಮೇಲೆ ನಿಂತಿದೆ: ತನ್ನ ಸ್ವತ್ತಿನಲ್ಲಿ ಯಾರು ಏನನ್ನು ಬೇಕಾದರೂ ಕಟ್ಟಿಕೊಳ್ಳಲಿ, ನೆರೆಯವನಿಗೆ ಮಾತ್ರ ಅದರಿಂದ ಹಾನಿಯಾಗಕೂಡದು. 14ನೇ ಶತಮಾನದ ಟ್ಯೂನಿಸ್‌ನಲ್ಲಿ ಇಬ್ನ್ ಅಲ್-ರಾಮಿ ಎಂಬ ಮೇಸ್ತ್ರಿಯೊಬ್ಬನಿದ್ದ. ಮನೆ ಗೋಡೆಗಳ ವ್ಯಾಜ್ಯ ಖಾಜಿಯ ಮುಂದೆ ಬಂದಾಗ ಪರಿಣತನಾಗಿ ಸ್ಥಳವನ್ನು ನೋಡಿ ಅಭಿಪ್ರಾಯ ಹೇಳುತ್ತಿದ್ದ ಈತ ಆ ಅನುಭವವನ್ನೆಲ್ಲ ಗ್ರಂಥರೂಪದಲ್ಲಿ ಬರೆದಿಟ್ಟ. ಒಲೆಯ ಹೊಗೆ, ಬೀಸುವ ಗಿರಣಿಯಿಂದ ಪಕ್ಕದ ಗೋಡೆಗೆ ತಟ್ಟುವ ಅದುರು, ಕೊಳಕು ನೀರಿನ ಹರಿವು, ಇಬ್ಬರಿಗೂ ಸೇರಿದ ಗೋಡೆಯ ದುರಸ್ತಿ, ಎದುರು ಮನೆಯೊಳಕ್ಕೆ ಇಣುಕುವ ಕಿಟಕಿ: ಅವನು ಚರ್ಚಿಸುವ ಸಂಗತಿಗಳು ಇವು. ಕಿಟಕಿಯ ವಿಷಯದಲ್ಲಿ ಮಾಲಿಕಿ ಗ್ರಂಥಗಳಲ್ಲಿ ಒಂದು ಹಳೆಯ ಪರೀಕ್ಷೆ ಉಲ್ಲೇಖವಾಗುತ್ತದೆ. ಕಿಟಕಿಯ ಬಳಿ ಮಂಚವಿಟ್ಟು ಅದರ ಮೇಲೆ ಒಬ್ಬನನ್ನು ನಿಲ್ಲಿಸಬೇಕು. ಅವನಿಗೆ ನೆರೆಮನೆಯ ಒಳಭಾಗ ಕಂಡರೆ ಆ ಕಿಟಕಿಯನ್ನು ಮುಚ್ಚಿಸಬೇಕು.

ಇನ್ನು ದಾರಿಗಳ ವಿಷಯ. ಶಾಸ್ತ್ರದ ದೃಷ್ಟಿಯಲ್ಲಿ ದಾರಿಗಳಲ್ಲಿ ಎರಡು ಬಗೆ. ಎರಡೂ ತುದಿ ತೆರೆದಿರುವ ಹಾದಿ ಎಲ್ಲರದು. ಅದರ ಅಗಲದ ಬಗ್ಗೆ ವಿವಾದ ಬಂದರೆ ಏಳು ಮೊಳ ಬಿಡಬೇಕೆಂಬ ಪ್ರವಾದಿವಚನವನ್ನು ಆಧಾರವಾಗಿ ಹಿಡಿಯುತ್ತಿದ್ದರು. ಹೇರು ಹೊತ್ತ ಎರಡು ಒಂಟೆಗಳು ಎದುರುಬದುರಾಗಿ ದಾಟಿಕೊಳ್ಳಲು ಅಷ್ಟು ಸಾಕು. ಒಂದು ತುದಿ ಮುಚ್ಚಿರುವ ಓಣಿ ಮಾತ್ರ ಅದರ ಅಕ್ಕಪಕ್ಕ ಬಾಗಿಲಿರುವ ಮನೆಯವರ ಜಂಟಿ ಸ್ವತ್ತು. ಅಲ್ಲಿ ಹೊಸ ಬಾಗಿಲು ತೆರೆಯಬೇಕಾದರೂ ಉಳಿದವರ ಒಪ್ಪಿಗೆ ಬೇಕು. ನಕ್ಷೆಯಲ್ಲಿ ನಮಗೆ ಗೊಂದಲದಂತೆ ಕಾಣುವ ಅಸಂಖ್ಯ ಮುಚ್ಚುತುದಿಯ ಓಣಿಗಳು ನಿಜದಲ್ಲಿ ನಾಲ್ಕಾರು ಕುಟುಂಬಗಳ ಹಂಚಿಕೆಯ ಅಂಗಳಗಳು. ಅಲ್ಲಿಗೆ ಅಪರಿಚಿತರು ಹೋಗಬೇಕಾದ ಕಾರಣವೇ ಇರಲಿಲ್ಲ.

ಇದರ ಜೊತೆಗೆ ಪ್ರತಿ ಮನೆಗೂ ತನ್ನ ಗೋಡೆಗೆ ತಾಗಿದ ಹಾದಿಯ ಒಂದು ಪಟ್ಟಿಯ ಮೇಲೆ ಬಳಕೆಯ ಹಕ್ಕಿತ್ತು. ಹೇರು ಇಳಿಸಲು, ಕತ್ತೆ ಕಟ್ಟಲು, ಕಲ್ಲುಕಟ್ಟೆ ಕಟ್ಟಿಕೊಳ್ಳಲು ಅದು ಉಪಯೋಗವಾಗುತ್ತಿತ್ತು. ಹಾದುಹೋಗುವವರಿಗೆ ತೊಂದರೆಯಾಗದೆ, ಯಾರೂ ಆಕ್ಷೇಪಿಸದೆ ಇದ್ದರೆ ಆ ಕಟ್ಟೆ ಒಂದು ತಲೆಮಾರಿನಲ್ಲಿ ಗೋಡೆಯಾಗುತ್ತಿತ್ತು. ಓಣಿಯ ಎರಡೂ ಬದಿಯ ಮನೆ ಒಬ್ಬನದೇ ಆಗಿದ್ದರೆ ಮೇಲೆ ತೊಲೆ ಹಾಯಿಸಿ ಕೋಣೆ ಕಟ್ಟಿಕೊಳ್ಳುತ್ತಿದ್ದ; ಕೆಳಗೆ ಸವಾರನೊಬ್ಬ ತಲೆ ತಗಲದೆ ಹೋಗುವಷ್ಟು ಎತ್ತರ ಬಿಟ್ಟರೆ ಸಾಕಾಗಿತ್ತು. ಹೀಗೆ ನೂರಾರು ವರ್ಷ ನಡೆದ ಸಣ್ಣಸಣ್ಣ ಒತ್ತುವರಿಗಳ, ಅವುಗಳಿಗೆ ಬಿದ್ದ ತಡೆಗಳ ಒಟ್ಟು ಫಲವೇ ಇಂದಿನ ಅಂಕುಡೊಂಕು. ಬೆಳಕು ಗಾಳಿಗಳೆಲ್ಲ ಒಳಾಂಗಳದಿಂದ ಬರುವ, ನಮ್ಮ ತೊಟ್ಟಿಮನೆಯನ್ನು ನೆನಪಿಸುವ ಆ ಮನೆಗಳಿಗೆ ಬೀದಿಯ ಕಡೆ ಅಂದವಾದ ಮುಖ ಬೇಕಾಗಿಯೇ ಇರಲಿಲ್ಲ. ಬಾಗಿಲು ತೆರೆದಿದ್ದರೂ ಅಂಗಳ ಕಾಣದಂತೆ ಒಳದಾರಿ ಒಂದು ಸಲ ತಿರುಗಿಯೇ ಅಂಗಳ ಸೇರುತ್ತದೆ.

ಒರೆಗಲ್ಲು:

ನೆರೆಗೋಡೆಯವರ ವಿವರಣೆ ಸೊಗಸಾಗಿದೆ, ಆದರೆ ಎಲ್ಲವನ್ನೂ ಶಾಸ್ತ್ರದ ತಲೆಗೆ ಕಟ್ಟುವುದು ಸರಿಯಲ್ಲ. ಖಾಜಿಗಳು ಈಗಾಗಲೇ ನಡೆಯುತ್ತಿದ್ದ ರೂಢಿಯನ್ನು ಕ್ರಮಕ್ಕೆ ತಂದರು ಎಂದೂ ಹೇಳಬಹುದಲ್ಲವೇ? ರೋಮನ್ನರ ಕಾಲದಲ್ಲಿ ಇದೇ ನಾಡಿನಲ್ಲಿ ಚೌಕುಳಿ ಹಾಕಿದಂತಹ ನೇರ ರಸ್ತೆಗಳ ಊರುಗಳಿದ್ದವು. ಲಿಬಿಯದ ಟ್ರಿಪೊಲಿಯ ಹಳೆಯೂರಿನಲ್ಲಿ ಕ್ರಿ.ಶ. 165ರ ಮಾರ್ಕಸ್ ಆರೇಲಿಯಸ್ ಕಮಾನು ಇಂದಿಗೂ ಎರಡು ಪ್ರಾಚೀನ ಹೆದ್ದಾರಿಗಳು ಕೂಡುವ ಜಾಗದಲ್ಲೇ ನಿಂತಿದೆ, ಸುತ್ತಲಿನ ಬೀದಿಗಳಲ್ಲಿ ಆ ಹಳೆಯ ನೇರಗೆರೆಗಳ ಗುರುತು ಉಳಿದಿದೆ. ಮಧ್ಯಯುಗದ ಹೊತ್ತಿಗೆ ಅಲ್ಲಿ ಗಾಡಿಯ ಬಳಕೆ ಬಹುಮಟ್ಟಿಗೆ ನಿಂತು ಹೇರಿನ ಒಂಟೆ, ಕತ್ತೆಗಳು ಅದರ ಜಾಗಕ್ಕೆ ಬಂದಿದ್ದವು. ಚಕ್ರವೇ ಇಲ್ಲದ ಮೇಲೆ ರಸ್ತೆ ನೇರವಾಗಿರಬೇಕೆಂಬ ಒತ್ತಾಯ ಯಾರಿಗೂ ಇರುವುದಿಲ್ಲ. ಖಾಜಿಗಿಂತ ಮೊದಲು ಒಂಟೆಗೆ ಈ ಕೀರ್ತಿ ಸಲ್ಲಬೇಕೆಂದು ನನಗನ್ನಿಸುತ್ತದೆ.

ಇನ್ನೊಂದು ಪ್ರತಿಸಾಕ್ಷಿ ಎಸ್ಸಾವಿರಾ. 1760ರ ದಶಕದಲ್ಲಿ ಸುಲ್ತಾನ ಮೊಹಮ್ಮದ್ ಬಿನ್ ಅಬ್ದುಲ್ಲಾ ಅಟ್ಲಾಂಟಿಕ್ ತೀರದಲ್ಲಿ ವ್ಯಾಪಾರಕ್ಕಾಗಿ ಹೊಸ ಬಂದರು ಪಟ್ಟಣ ಕಟ್ಟಲು ಹೊರಟಾಗ ಥಿಯೊಡೋರ್ ಕೊರ್ನು ಎಂಬ ಫ್ರೆಂಚ್ ಇಂಜಿನಿಯರನನ್ನು ಕರೆಸಿಕೊಂಡ. ಆ ಊರಿನ ಮುಖ್ಯ ಬೀದಿಗಳು ನೇರವಾಗಿವೆ, ಕೋಟೆಯೂ ಇದೆ, ಮಸೀದಿಯೂ ಇದೆ, ಮಾಲಿಕಿ ಖಾಜಿಯೂ ಇದ್ದ. ರಾಜನೊಬ್ಬ ಒಂದೇ ಏಟಿಗೆ ಊರು ಕಟ್ಟಿಸಿದರೆ ಬೀದಿ ನೇರ, ಜನ ತಾವಾಗಿ ತಲೆಮಾರುಗಟ್ಟಲೆ ಕಟ್ಟಿಕೊಂಡರೆ ಡೊಂಕು. ಧರ್ಮಕ್ಕಿಂತ ಈ ವ್ಯತ್ಯಾಸವೇ ಮುಖ್ಯ.

ನೆರೆಗೋಡೆ:

ಒಂಟೆಯ ಪಾತ್ರವನ್ನು ನಾನು ನಿರಾಕರಿಸುವುದಿಲ್ಲ. ಚಕ್ರ ಹೋದದ್ದು ರಸ್ತೆಯನ್ನು ಡೊಂಕಾಗಲು ಬಿಟ್ಟಿತು. ಎಷ್ಟರವರೆಗೆ ಡೊಂಕಾಗಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ನೆರೆಹೊರೆಯ ಕಾನೂನು ಗೊತ್ತುಮಾಡಿತು. ಮೇಲ್ವಿಚಾರಣೆಯೇ ಇಲ್ಲದಿದ್ದರೆ ಆ ಹಾದಿಗಳು ಎಂದೋ ಪೂರ್ತಿ ಮುಚ್ಚಿಹೋಗುತ್ತಿದ್ದವು. ಫೆಸ್‌ನಲ್ಲಿ ಹೇರು ಹೊತ್ತ ಕತ್ತೆ ಹೇಸರಗತ್ತೆಗಳು ಇಂದಿಗೂ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ತಡೆಯಿಲ್ಲದೆ ಹೋಗುತ್ತವೆ ಎಂಬುದೇ ನನ್ನ ಸಾಕ್ಷಿ.

ಬಾಬ್‌ ಸಾಮೀಪ್ಯ:

ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಟ್ಯೂನಿಸ್‌ನಲ್ಲಿದ್ದೇನೆ. ಇಲ್ಲಿನ ಪೇಟೆಗಳನ್ನು ಮೊದಲ ಬಾರಿಗೆ ನೋಡಿದವರಿಗೆ ಎಲ್ಲವೂ ಕಲಸುಮೇಲೋಗರ ಎನ್ನಿಸುತ್ತದೆ, ಆದರೆ ಅಲ್ಲಿಯ ಕ್ರಮ ಎಷ್ಟು ಬಿಗಿಯಾದದ್ದೆಂದರೆ ಒಮ್ಮೆ ಹಿಡಿತಕ್ಕೆ ಸಿಕ್ಕರೆ ಮೂಗಿನಿಂದಲೇ ದಾರಿ ಕಂಡುಕೊಳ್ಳಬಹುದು. ನಡುಮಧ್ಯದಲ್ಲಿ ಜೈತೂನಾ ಮಸೀದಿ. ಅದರ ಗೋಡೆಗೆ ತಾಗಿಕೊಂಡೇ ಸುಗಂಧದ ವರ್ತಕರ ಸೂಕ್ (ಎಂದರೆ ಪೇಟೆ) ಅಲ್-ಅತ್ತಾರೀನ್. 13ನೇ ಶತಮಾನದಲ್ಲಿ ಹಫ್ಸಿದ್ ದೊರೆಗಳು ಕಟ್ಟಿಸಿದ್ದು. ಶುಚಿಯಾದ, ಸದ್ದಿಲ್ಲದ, ಬೆಲೆಬಾಳುವ ಸರಕಿನ ಅಂಗಡಿಗಳೆಲ್ಲ ಮಸೀದಿಗೆ ಹತ್ತಿರ: ಅತ್ತರು, ಪುಸ್ತಕ, ಒಳ್ಳೆಯ ಬಟ್ಟೆ. ಬಡಿಯುವ, ಕುಟ್ಟುವ, ಬಣ್ಣ ಚೆಲ್ಲುವ ಕಸುಬುಗಳು ಅದರಿಂದ ದೂರ. ಹಳ್ಳಿಯಿಂದ ಬರುವ ಭಾರದ ಸರಕು ಹೆಬ್ಬಾಗಿಲುಗಳ ಬಳಿ. ನೆರೆಗೋಡೆಯವರು ಹೇಳಿದ ಹೊಗೆ, ವಾಸನೆ, ಸದ್ದುಗಳ ನಿಯಮ ಇಲ್ಲಿ ಇಡೀ ಊರಿನ ಅಳತೆಯಲ್ಲಿ ಕಾಣಿಸುತ್ತದೆ.

ಪ್ರತಿ ಸೂಕಿಗೂ ತನ್ನದೊಂದು ಚರಿತ್ರೆಯಿದೆ. ಕೆಂಪು ಉಣ್ಣೆಟೋಪಿ, ಅಂದರೆ ಶೆಶಿಯಾ ಮಾಡುವವರ ಪೇಟೆ ಬೆಳೆದದ್ದು 1609ರಲ್ಲಿ ಸ್ಪೇನ್ ತನ್ನ ಮೂರಿಸ್ಕೊ (ಕ್ರೈಸ್ತರಾಗಿ ಮತಾಂತರಗೊಂಡ ಮುಸ್ಲಿಮರ ವಂಶದ) ಪ್ರಜೆಗಳನ್ನು ಹೊರಹಾಕತೊಡಗಿದ ಮೇಲೆ ಇಲ್ಲಿಗೆ ಬಂದ ಆಂದಲೂಸಿಯದ ಕುಟುಂಬಗಳಿಂದ. ಇಂದು ಚಿನ್ನದ ಅಂಗಡಿಗಳಿರುವ ಸೂಕ್ ಅಲ್-ಬರ್ಕಾ ಹಿಂದೆ ಗುಲಾಮರನ್ನು ಹರಾಜು ಹಾಕುವ ಕಟ್ಟೆಯಾಗಿತ್ತು. 1846ರಲ್ಲಿ ಅಹಮದ್ ಬೇ ಗುಲಾಮಗಿರಿಯನ್ನೇ ರದ್ದುಮಾಡಿದ. ಒಡವೆ ಕೊಳ್ಳಲು ಬರುವವರಿಗೆ ಇದನ್ನು ಹೇಳುವವರು ಕಡಿಮೆ.

ಟ್ಯೂನಿಸ್‌ನ ಕೋಟೆಗೋಡೆ ಮಾತ್ರ ಬಹುಪಾಲು ಹೋಗಿಬಿಟ್ಟಿದೆ. ಸಮುದ್ರದ ಕಡೆಯ ಬಾಬ್ ಅಲ್-ಬಹರ್ ಈಗ ಎಡಬಲಗಳಲ್ಲಿ ಗೋಡೆಯೇ ಇಲ್ಲದ ಒಂಟಿ ಕಮಾನು. ಆದರೂ ಅದನ್ನು ದಾಟಿದ ಕೂಡಲೇ ಫ್ರೆಂಚರ ಅಗಲ ರಸ್ತೆ ಮುಗಿದು ಇನ್ನೊಂದು ಊರು ಶುರುವಾಗುತ್ತದೆ. ಹಾಗಾದರೆ ಈ ಹಳೆಯೂರುಗಳನ್ನು ಹಳೆಯೂರಾಗಿ ಉಳಿಸಿದ್ದು ಗೋಡೆಯೇ ಎಂಬ ಪ್ರಶ್ನೆಯನ್ನು ಇತಿಹಾಸ ಬಲ್ಲವರ ಮುಂದಿಡುತ್ತೇನೆ.

ಹಳೆಮೇಷ್ಟ್ರು:

ಗೋಡೆಗಳ ಬಗ್ಗೆ ಹೇಳುವುದು ಬಹಳವಿದೆ, ಫೆಸ್ ಒಂದನ್ನೇ ಹಿಡಿದು ಹೇಳುತ್ತೇನೆ.

ಫೆಸ್ ಮೊದಲಿಗೆ ಒಂದು ಊರಾಗಿರಲಿಲ್ಲ. 789ರಲ್ಲಿ ಒಂದನೆಯ ಇದ್ರೀಸ್ ನದಿಯ ಒಂದು ದಂಡೆಯಲ್ಲಿ, ಇಪ್ಪತ್ತು ವರ್ಷಗಳ ನಂತರ ಅವನ ಮಗ ಎರಡನೆಯ ಇದ್ರೀಸ್ ಎದುರು ದಂಡೆಯಲ್ಲಿ ಊರು ಕಟ್ಟಿದರು. 818ರಲ್ಲಿ ಸ್ಪೇನಿನ ಕಾರ್ದೊಬಾದಲ್ಲಿ ದಂಗೆಯೆದ್ದು ಗಡೀಪಾರಾದವರು ಬಂದು ಒಂದು ದಂಡೆಯಲ್ಲಿ ನೆಲೆಸಿದರು, ಟ್ಯುನೀಸಿಯದ ಕೈರವಾನ್‌ನಿಂದ ಬಂದವರು ಇನ್ನೊಂದರಲ್ಲಿ. ಎರಡಕ್ಕೂ ಬೇರೆಬೇರೆ ಕೋಟೆ, ನಡುವೆ ಹಗೆ. 11ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಮೊರಾವಿದ್ ದೊರೆ ಯೂಸುಫ್ ಬಿನ್ ತಾಶ್ಫೀನ್ ನಡುವಿನ ಗೋಡೆಗಳನ್ನು ಕೆಡವಿ ಎರಡನ್ನೂ ಒಂದು ಮಾಡಿದ. ಅರಬ್ಬರ ಕೇರಿ ಎಂದು ಯುರೋಪಿನವರು ಸುಲಭವಾಗಿ ಕರೆದುಬಿಟ್ಟ ಈ ಊರನ್ನು ಕಟ್ಟಿ ಬೆಳೆಸಿದವರಲ್ಲಿ ಅಮಾಝಿಗ್ (ಬರ್ಬರ್) ರಾಜವಂಶಗಳು, ಆಂದಲೂಸಿಯದ ವಲಸೆಗಾರರು, ಯೆಹೂದಿ ಕುಶಲಕರ್ಮಿಗಳು ಎಲ್ಲರೂ ಇದ್ದಾರೆ.

ಈಗ ಯುದ್ಧದ ಮಾತು. 1145ರಲ್ಲಿ ಅಲ್ಮೊಹಾದ್ ನಾಯಕ ಅಬ್ದುಲ್ ಮೂಮಿನ್ ಫೆಸ್‌ಗೆ ಮುತ್ತಿಗೆ ಹಾಕಿದಾಗ ಓಣಿಯ ಗೋಜಿಗೇ ಹೋಗಲಿಲ್ಲ. ಊರೊಳಗೆ ಹರಿಯುವ ನದಿಗೆ ಮೇಲ್ಭಾಗದಲ್ಲಿ ಒಡ್ಡು ಕಟ್ಟಿಸಿ, ನೀರು ತುಂಬಿದ ಮೇಲೆ ಒಮ್ಮೆಲೇ ಬಿಡಿಸಿ ಕೋಟೆಗೋಡೆಯನ್ನೇ ಒಡೆದ. ಗೆದ್ದ ಮೇಲೆ, ನ್ಯಾಯ ಮತ್ತು ಖಡ್ಗಗಳೇ ತನಗೆ ಕೋಟೆ ಎಂಬ ಅರ್ಥದ ಮಾತಾಡಿ ಗೋಡೆಗಳನ್ನು ಕೆಡವಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಮೊಮ್ಮಗನ ಕಾಲಕ್ಕೆ ಆ ಧೈರ್ಯ ಉಳಿಯಲಿಲ್ಲ. ಮತ್ತೆ ಕಟ್ಟಲು ಶುರುಮಾಡಿದ ಗೋಡೆ 13ನೇ ಶತಮಾನದ ಆರಂಭದಲ್ಲಿ ಮುಗಿಯಿತು. ಇಂದು ಹಳೆಯ ಫೆಸ್‌ನ ಸುತ್ತ ಕಾಣುವುದು ಮುಖ್ಯವಾಗಿ ಅದೇ.

1276ರಲ್ಲಿ ಮರೀನಿದ್ ದೊರೆ ಅಬೂ ಯೂಸುಫ್ ಯಾಕೂಬ್ ತನ್ನ ಅರಮನೆ, ಸೈನ್ಯಗಳಿಗಾಗಿ ಪಕ್ಕದಲ್ಲಿಯೇ ಹೊಸ ಫೆಸ್ ಕಟ್ಟಿಕೊಂಡ. ಹಳೆಯೂರಿನ ಜನರ ನಡುವೆ ಇರಲು ಅವನಿಗೆ ಇಷ್ಟವಿರಲಿಲ್ಲ. 16ನೇ ಶತಮಾನದ ಕೊನೆಯಲ್ಲಿ ಸಾದಿ ಸುಲ್ತಾನರು ಗುಡ್ಡದ ಮೇಲೆ ಕಟ್ಟಿಸಿದ ಉತ್ತರದ ಬುರುಜಿನ ಉದ್ದೇಶಗಳಲ್ಲಿ ಕೆಳಗಿನ ಊರನ್ನು ಹದ್ದುಬಸ್ತಿನಲ್ಲಿಡುವುದೂ ಒಂದು. ಅಂದರೆ ಕೋಟೆ ಹೊರಗಿನ ಶತ್ರುವಿಗೆ ಎಷ್ಟೋ ಒಳಗಿನ ಪ್ರಜೆಗೂ ಅಷ್ಟೇ. ಹೆಬ್ಬಾಗಿಲುಗಳನ್ನು ರಾತ್ರಿ ಮುಚ್ಚುತ್ತಿದ್ದರು, ಹಗಲು ಅಲ್ಲಿಯೇ ಸುಂಕ ವಸೂಲಿ. ಒಳಗೆ ಕೇರಿಗಳಿಗೂ ಪ್ರತ್ಯೇಕ ಬಾಗಿಲುಗಳಿದ್ದವು. ಕಾವಲು, ಸುಂಕ, ಕಳ್ಳಕಾಕರ ಭಯ ಇವು ದಿನದಿನದ ಕಾರಣಗಳು, ಮುತ್ತಿಗೆ ಅಪರೂಪದ್ದು.

ಅಗಸೆಬಾಗಿಲು:

ಮೇಷ್ಟ್ರೇ, ಇದು ನನ್ನ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರವಾಯಿತು. ನದಿಯ ಮಾತು ಬಂದದ್ದರಿಂದ ಇನ್ನೊಂದು ಕೇಳುತ್ತೇನೆ. ಅಷ್ಟು ಒತ್ತೊತ್ತಾಗಿ ಜನ ಬದುಕಿದ ಊರಿನಲ್ಲಿ, ಅದೂ ಚರ್ಮ ಹದಮಾಡುವ ಕಸುಬು ನಡುವೆಯೇ ಇರುವಾಗ, ಕುಡಿಯುವ ನೀರಿನ ಗತಿಯೇನು?

ನೆರೆಗೋಡೆ:

ನನ್ನನ್ನು ಕೇಳಿದರೆ ಫೆಸ್‌ನಲ್ಲಿ ನೋಡಬೇಕಾದ ಅತಿ ದೊಡ್ಡ ರಚನೆ ಮಣ್ಣಿನಡಿಯಲ್ಲಿದೆ. ವಾದ್ ಫೆಸ್ ಎಂಬ ನದಿ ಪಶ್ಚಿಮದ ಎತ್ತರದ ಬಯಲಿನಿಂದ ಬರುತ್ತದೆ, ಊರು ಅದರ ಕೆಳಗಿನ ಇಳಿಜಾರಿನಲ್ಲಿದೆ. ಊರಿಗೆ ಬರುವ ಮೊದಲೇ ನದಿಯನ್ನು ಕಾಲುವೆಗಳಾಗಿ ಒಡೆದು, ಅವುಗಳಿಂದ ಮತ್ತೆ ಕವಲುಗಳನ್ನು ತೆಗೆದು, ಮಸೀದಿ, ಹಮ್ಮಾಮ್ (ಸಾರ್ವಜನಿಕ ಸ್ನಾನಗೃಹ), ಬೀದಿಯ ಕಾರಂಜಿ, ಸಿರಿವಂತರ ಮನೆಯಂಗಳಗಳವರೆಗೆ ನೀರು ತನ್ನ ಭಾರದಿಂದಲೇ ಇಳಿದು ಬರುವಂತೆ ಮಾಡಿದ್ದರು. ಬಳಸಿದ ನೀರು ಬೇರೊಂದು ಜಾಲದಲ್ಲಿ ಹರಿದು ಕೆಳಗಿನ ಹೊಳೆಗೆ ಸೇರುತ್ತಿತ್ತು. ಯಾರಿಗೆ ಎಷ್ಟು ಪಾಲು ಎಂಬುದು ದಾಖಲೆಯಾದ ಹಕ್ಕು, ಅದನ್ನು ನೋಡಿಕೊಳ್ಳಲು ಪರಿಣತರ ಬಳಗವೇ ಇತ್ತು. ಶುವಾರಾದ ಚರ್ಮದ ಹೊಂಡಗಳು ಊರಿನೊಳಗೇ ಇದ್ದರೂ ಹೊಳೆಯ ಪಕ್ಕದಲ್ಲಿ, ತಗ್ಗಿನಲ್ಲಿ ಇರುವುದು ಇದೇ ಲೆಕ್ಕಾಚಾರದಿಂದ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಪಾರಿವಾಳದ ಹಿಕ್ಕೆ ಕಲಸಿದ ನೀರಿನಲ್ಲಿ ತುಳಿದು ಮೆತ್ತಗೆ ಮಾಡಿ ಬಳಿಕ ಬಣ್ಣದ ಹೊಂಡಕ್ಕೆ ಇಳಿಸುತ್ತಾರೆ; ಅಲ್ಲಿ ನಿಂತರೆ ಪ್ರವಾಸಿಗರಿಗೆ ಪುದೀನಾ ಎಲೆ ಕೈಗೆ ಕೊಡುವುದು ಮೂಗಿಗೆ ಹಿಡಿದುಕೊಳ್ಳಲು.

ಈ ಕಾರಂಜಿ, ಹಮ್ಮಾಮ್, ಮದ್ರಸಾಗಳ ಖರ್ಚು ಎಲ್ಲಿಂದ ಬರುತ್ತಿತ್ತು ಎಂದರೆ ವಕ್ಫ್‌ನಿಂದ. ಈ ನಾಡಿನಲ್ಲಿ, ಅಂದರೆ ಮಗ್ರಿಬ್‌ನಲ್ಲಿ, ಅದನ್ನು ಹಬೂಸ್ ಎನ್ನುತ್ತಾರೆ. ಅಂಗಡಿಸಾಲು, ಗಿರಣಿ, ತೋಟಗಳನ್ನು ದತ್ತಿಯಾಗಿ ಬಿಟ್ಟು ಅವುಗಳ ಬಾಡಿಗೆಯಿಂದ ಒಂದು ಮದ್ರಸಾ ನಡೆಯುತ್ತಿತ್ತು. ಪುರಸಭೆ ಎಂಬುದಿಲ್ಲದ ಊರನ್ನು ನಡೆಸಿದ್ದು ಬಹುಮಟ್ಟಿಗೆ ಈ ದತ್ತಿಗಳೇ.

ಕಡಲತೀರದವಳು:

ಮರೀನಿದ್ ದೊರೆಗಳ ಮಾತು ಬಂದದ್ದರಿಂದ ನಮ್ಮ ಕರಾವಳಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಟಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತಾ ದೇಶ ಸುತ್ತಿ ಮರಳಿದ ಮೇಲೆ ತನ್ನ ಪ್ರವಾಸದ ಕಥನವನ್ನು ಹೇಳಿ ಬರೆಸಿದ್ದು ಫೆಸ್‌ನಲ್ಲಿ, ಸುಲ್ತಾನ ಅಬೂ ಇನಾನ್‌ನ ಅಪ್ಪಣೆಯ ಮೇರೆಗೆ. ಅದು ಮುಗಿದದ್ದು 1355ರ ಕೊನೆಯಲ್ಲಿ. ಹೊನ್ನಾವರ, ಬಾರ್ಕೂರು, ಮಂಗಳೂರುಗಳ ವರ್ಣನೆ ಅದರಲ್ಲಿದೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಶಾಲೆಗಳನ್ನು ಕಂಡೆನೆಂದು ಅವನು ಮೆಚ್ಚಿ ಹೇಳುತ್ತಾನೆ. ಅದೇ ಅಬೂ ಇನಾನ್ 1350ರ ದಶಕದಲ್ಲಿ ಕಟ್ಟಿಸಿದ ಬೂ ಇನಾನಿಯಾ ಮದ್ರಸಾ ಇಂದಿಗೂ ಫೆಸ್‌ನ ತಲಾ ಕಬೀರಾ ಬೀದಿಯಲ್ಲಿ ನಿಂತಿದೆ. ಹೊನ್ನಾವರದ ಶಾಲೆಗಳ ಸುದ್ದಿ ಅರಬ್ಬೀ ಭಾಷೆಯಲ್ಲಿ ಅಕ್ಷರಕ್ಕೆ ಇಳಿದ ಊರೆಂಬ ಕಾರಣಕ್ಕಾದರೂ ಕನ್ನಡಿಗರು ಫೆಸ್ ನೋಡಬೇಕು ಎನ್ನುವುದು ನನ್ನ ಪಕ್ಷಪಾತ.

ಒರೆಗಲ್ಲು:

ಈ ಚರ್ಚೆಯಲ್ಲಿ ಇದುವರೆಗೆ ಯಾರೂ ಮುಟ್ಟದ ಒಂದು ಅಂಶವಿದೆ. ಫೆಸ್ ಇಷ್ಟು ಇಡಿಯಾಗಿ ಉಳಿದಿರುವುದಕ್ಕೆ 1912ರಲ್ಲಿ ಮೊರಾಕ್ಕೊ ಫ್ರೆಂಚರ ರಕ್ಷಿತ ರಾಜ್ಯವಾದ ಮೇಲೆ ಬಂದ ಮೊದಲ ರೆಸಿಡೆಂಟ್ ಜನರಲ್ ಲ್ಯೋತೆ ಕಾರಣ. ಹಳೆಯೂರನ್ನು ಮುಟ್ಟಕೂಡದು, ಯುರೋಪಿನವರಿಗೆ ಹೊರಗೆ ಬೇರೆ ನಗರ ಕಟ್ಟಬೇಕು, ನಡುವೆ ಖಾಲಿ ಜಾಗ ಬಿಡಬೇಕು ಎಂಬುದು ಅವನ ನೀತಿ. ಆನ್ರಿ ಪ್ರೋಸ್ತ್ ಎಂಬ ನಗರಯೋಜಕ ರಬಾತ್, ಫೆಸ್, ಮರಾಕೆಶ್, ಮೆಕ್ನೆಸ್‌ಗಳಲ್ಲಿ ಅದನ್ನು ಜಾರಿಗೆ ತಂದ. ವಸಾಹತುಶಾಹಿಯನ್ನು ಹೊಗಳುವ ಇಚ್ಛೆ ನನಗಿಲ್ಲ, ಆದರೆ ಅಲ್ಜಿಯರ್ಸ್‌ನ ಗತಿಯನ್ನು ನೋಡಿದರೆ ಈ ನೀತಿಯಿಂದ ಒಳ್ಳೆಯದೇ ಆಯಿತು ಎನ್ನಬೇಕಾಗುತ್ತದೆ.

ಹಳೆಮೇಷ್ಟ್ರು:

ಅಲ್ಜಿಯರ್ಸ್‌ನ ಕಥೆಯನ್ನು ಪೂರ್ತಿ ಹೇಳಬೇಕು. ಕಡಲಿಗೆ ಮುಖ ಮಾಡಿದ ಕಡಿದಾದ ಗುಡ್ಡದ ಮೇಲೆ ಒಂದರ ಮೇಲೊಂದು ಮೆಟ್ಟಿಲಿಟ್ಟಂತೆ ಕಟ್ಟಿದ ಆ ಊರಿಗೆ ಕಸ್ಬಾ ಎಂಬ ಹೆಸರು ನಿಂತಿದೆ. ಪ್ರತಿ ಮನೆಯ ತಾರಸಿಯೂ ಕಡಲಿನ ಕಡೆಗೆ ತೆರೆದಿರುವಂತೆ ಕಟ್ಟುವುದು ಅಲ್ಲಿಯ ರೀತಿ. ಮೇಲಂತಸ್ತುಗಳು ಮರದ ದಿಮ್ಮಿಗಳ ಆಧಾರದ ಮೇಲೆ ಓಣಿಯತ್ತ ಚಾಚಿಕೊಂಡಿರುತ್ತವೆ. 1830ರ ಜುಲೈನಲ್ಲಿ ನಗರವನ್ನು ಹಿಡಿದ ಫ್ರೆಂಚ್ ಸೈನ್ಯ ಸ್ವಲ್ಪ ಕಾಲದಲ್ಲೇ ಕಡಲಿಗೆ ಹತ್ತಿರದ ಕೆಳಕೇರಿಯನ್ನು ಕೆಡವತೊಡಗಿತು. ಸೈನಿಕರು ಕವಾಯತು ಮಾಡಲು ಒಂದು ಬಯಲು, ಗಾಡಿ ಹೋಗಲು ನೇರ ರಸ್ತೆಗಳು ಅವರಿಗೆ ಬೇಕಾಗಿದ್ದವು. 1832ರಲ್ಲಿ ಕೆಚಾವಾ ಮಸೀದಿ ಕ್ರೈಸ್ತ ದೇವಾಲಯವಾಯಿತು; ಸ್ವಾತಂತ್ರ್ಯ ಬಂದ 1962ರಲ್ಲಿ ಮರಳಿ ಮಸೀದಿಯಾಯಿತು. ಫ್ರೆಂಚ್ ಸೈನ್ಯ ಬಯಲು ಮಾಡಿದ ಜಾಗವೇ ಇಂದಿನ ಹುತಾತ್ಮರ ಚೌಕ. ಅಲ್ಲಿ ಮೆಟ್ರೊಗಾಗಿ ಅಗೆದಾಗ ರೋಮನ್ ಕಾಲದಿಂದ ತುರ್ಕರ ಕಾಲದವರೆಗಿನ ಪದರಗಳು ಸಿಕ್ಕವು.

ಅಗಸೆಬಾಗಿಲು ಅವರ ಮೂಲ ಪ್ರಶ್ನೆಗೆ ಸಂಬಂಧಿಸಿದ ಘಟನೆಯೂ ಅಲ್ಲಿಯದೇ. ಓಣಿಗಳು ನಿಜವಾಗಿ ಯುದ್ಧದ ಸಾಧನವಾದದ್ದು ಮಧ್ಯಯುಗದಲ್ಲಲ್ಲ, 1956 ಮತ್ತು 1957ರಲ್ಲಿ. ಸ್ವಾತಂತ್ರ್ಯ ಹೋರಾಟಗಾರರು ಕಸ್ಬಾದ ಓಣಿಗಳನ್ನೂ ಒಂದರಿಂದ ಇನ್ನೊಂದಕ್ಕೆ ದಾಟಬಹುದಾದ ತಾರಸಿಗಳನ್ನೂ ಬಳಸಿಕೊಂಡರು. ಫ್ರೆಂಚ್ ಪ್ಯಾರಾಟ್ರೂಪರುಗಳು ದಾರಿ ಹುಡುಕುವ ಗೊಡವೆಗೆ ಹೋಗದೆ ಇಡೀ ಕಸ್ಬಾಕ್ಕೆ ಮುಳ್ಳುತಂತಿಯ ಬೇಲಿ ಹಾಕಿ, ಓಣಿಗಳ ಬಾಯಿಗಳಲ್ಲಿ ತಪಾಸಣೆ ಕೂರಿಸಿದರು. 1957ರ ಅಕ್ಟೋಬರ್ 8ರಂದು ಹೋರಾಟಗಾರರ ಮುಖಂಡ ಅಲಿ ಲಾ ಪ್ವಾಂತ್ ಅಡಗಿದ್ದ ಮನೆಯನ್ನು ಸ್ಫೋಟಿಸಿದಾಗ ಅಕ್ಕಪಕ್ಕದ ಮನೆಗಳೂ ಕುಸಿದು ನೆರೆಯವರು ಸತ್ತರು. ಮುಚ್ಚಿದ ಊರು ರಕ್ಷಣೆಯೂ ಹೌದು, ಬೋನೂ ಹೌದು ಎಂಬುದು ಆಗ ಗೊತ್ತಾಯಿತು.

ಬಾಬ್‌ ಸಾಮೀಪ್ಯ:

ಒರೆಗಲ್ಲು ಅವರೇ, ಲ್ಯೋತೆಯ ನೀತಿಯನ್ನು ನೀವು ಅರ್ಧ ಮಾತ್ರ ಹೇಳಿದಿರಿ. ಖಾಲಿ ಜಾಗ ಬಿಟ್ಟದ್ದು ಸ್ಮಾರಕಗಳ ಮೇಲಿನ ಗೌರವದಿಂದಷ್ಟೇ ಅಲ್ಲ, ದೇಶೀಯರನ್ನೂ ಯುರೋಪಿನವರನ್ನೂ ಬೇರೆಬೇರೆ ಇಡುವುದಕ್ಕಾಗಿ. ಅಗಲ ರಸ್ತೆ, ಉದ್ಯಾನ, ಬ್ಯಾಂಕು, ಸರ್ಕಾರಿ ಕಚೇರಿಗಳೆಲ್ಲ ಹೊಸ ನಗರಕ್ಕೆ ಹೋದವು; ಹಳೆಯೂರಿಗೆ ಬೆಳೆಯಲು ಜಾಗವೂ ಇಲ್ಲ, ಹಣವೂ ಇಲ್ಲ. ಹಳ್ಳಿಗಳಿಂದ ಕೆಲಸ ಹುಡುಕಿ ಬಂದವರೆಲ್ಲ ಆ ಗೋಡೆಯೊಳಗೇ ತುಂಬಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಅನುಕೂಲಸ್ಥ ಕುಟುಂಬಗಳು ಯುರೋಪಿನವರು ಖಾಲಿ ಮಾಡಿದ ಬಂಗಲೆಗಳಿಗೆ ಹೊರಟುಹೋದವು. ಅಂಗಳದ ಒಂದು ದೊಡ್ಡ ಮನೆಯಲ್ಲಿ ಕೋಣೆಗೊಂದು ಸಂಸಾರ ಎನ್ನುವ ಸ್ಥಿತಿ ಫೆಸ್‌ನಲ್ಲೂ ಬಂತು, ಟ್ಯೂನಿಸ್‌ನಲ್ಲೂ ಬಂತು. ಬಡತನಕ್ಕೆ ಬಿಟ್ಟ ಊರು ಒಡೆಯದೆ ಉಳಿದರೆ ಅದನ್ನು ಸಂರಕ್ಷಣೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಟ್ಯೂನಿಸ್‌ನಲ್ಲಿ ಕೆಡವುವ ಆಸೆ ಸ್ವತಂತ್ರ ಸರ್ಕಾರಕ್ಕೇ ಇತ್ತು ಎಂಬುದನ್ನೂ ಹೇಳಬೇಕು. 1960ರ ದಶಕದಲ್ಲಿ ಹಳೆಯೂರನ್ನು ಸೀಳಿಕೊಂಡು ಹೋಗುವ ಅಗಲ ರಸ್ತೆಯ ಪ್ರಸ್ತಾಪವಿತ್ತು, ಕೊನೆಗೆ ಅದು ಕೈಬಿಟ್ಟುಹೋಯಿತು. ಪುರಸಭೆಯ ಆಶ್ರಯದಲ್ಲಿ 1967ರಲ್ಲಿ ಹುಟ್ಟಿದ ಮದೀನಾ ಸಂರಕ್ಷಣಾ ಸಂಘ ಮನೆಮನೆಯನ್ನು ಅಳೆದು ನಕ್ಷೆ ಮಾಡಿತು. ಹಿಂದೆ ಯೆಹೂದಿಗಳ ಕೇರಿಯಾಗಿದ್ದು ಪಾಳುಬಿದ್ದಿದ್ದ ಹಫ್ಸಿಯಾ ಭಾಗದಲ್ಲಿ ಹಳೆಯ ಬೀದಿಗಳ ಸಾಲನ್ನು ಉಳಿಸಿಕೊಂಡೇ ಹೊಸ ಮನೆ, ಅಂಗಡಿಗಳನ್ನು ಕಟ್ಟಿದರು. ಅದಕ್ಕೆ 1983ರಲ್ಲೂ 1995ರಲ್ಲೂ ಆಗಾಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. 1979ರಲ್ಲಿ ಟ್ಯೂನಿಸ್, 1981ರಲ್ಲಿ ಫೆಸ್, 1985ರಲ್ಲಿ ಮರಾಕೆಶ್, 1992ರಲ್ಲಿ ಅಲ್ಜಿಯರ್ಸ್‌ನ ಕಸ್ಬಾ ಯುನೆಸ್ಕೊದ ಪಟ್ಟಿಗೆ ಸೇರಿದವು. ಪಟ್ಟಿಗೆ ಸೇರಿದ ಮಾತ್ರಕ್ಕೆ ಗೋಡೆ ಗಟ್ಟಿಯಾಗುವುದಿಲ್ಲ.

ನೆರೆಗೋಡೆ:

ಆ ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. 2010ರ ಫೆಬ್ರವರಿಯಲ್ಲಿ ಮೆಕ್ನೆಸ್‌ನ ಹಳೆಯೂರಿನಲ್ಲಿ ಮಳೆಗೆ ನೆನೆದಿದ್ದ ಒಂದು ಮಸೀದಿಯ ಮಿನಾರು ಶುಕ್ರವಾರದ ಪ್ರಾರ್ಥನೆಯ ಹೊತ್ತಿನಲ್ಲಿ ಕುಸಿದು 41 ಜನ ಸತ್ತರು. 2003ರ ಭೂಕಂಪ ಅಲ್ಜಿಯರ್ಸ್‌ನ ಕಸ್ಬಾಕ್ಕೆ ಪೆಟ್ಟು ಕೊಟ್ಟಿತು. 2023ರ ಸೆಪ್ಟೆಂಬರ್ 8ರ ರಾತ್ರಿ ಮೊರಾಕ್ಕೊದಲ್ಲಿ ಆದ 6.8 ತೀವ್ರತೆಯ ಕಂಪನದಲ್ಲಿ ಸತ್ತವರಲ್ಲಿ ಬಹುಪಾಲು ಎತ್ತರದ ಅಟ್ಲಾಸ್ ಬೆಟ್ಟಗಳ ಹಳ್ಳಿಯವರು. ಮರಾಕೆಶ್‌ನಲ್ಲಿ ಕೋಟೆಗೋಡೆ ಬಿರುಕು ಬಿಟ್ಟಿತು, ಜಮಾ ಅಲ್-ಫನಾ ಚೌಕದ ಖರ್ಬೂಶ್ ಮಸೀದಿಯ ಮಿನಾರು ಉರುಳಿತು, ಹಳೆಯ ಯೆಹೂದಿ ಕೇರಿಯಾದ ಮೆಲ್ಲಾದಲ್ಲಿ ಮನೆಗಳು ಕುಸಿದವು. ಆ ಕೋಟೆಗೋಡೆ ಕಲ್ಲಿನದಲ್ಲ. ಸುಣ್ಣ ಬೆರೆಸಿದ ಕೆಮ್ಮಣ್ಣನ್ನು ಹಲಗೆಗಳ ನಡುವೆ ತುಂಬಿ, ದಿಮಿಸಿ ದಿಮಿಸಿ ಎಬ್ಬಿಸಿದ್ದು. ನೀರು ತಡೆದು, ಕಾಲಕಾಲಕ್ಕೆ ಮೆತ್ತುತ್ತಿದ್ದರೆ ಶತಮಾನಗಟ್ಟಲೆ ನಿಲ್ಲುತ್ತದೆ, ಕೈಬಿಟ್ಟರೆ ಕರಗುತ್ತದೆ. ಸಿಮೆಂಟ್ ಗಾರೆ ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಇನ್ನೂ ಬೇಗ ಹಾಳಾಗುತ್ತದೆ ಎಂಬುದು ಸುಣ್ಣದ ಕೆಲಸ ಬಲ್ಲ ಯಾವ ಮೇಸ್ತ್ರಿಗೂ ಗೊತ್ತು.

ಇದಕ್ಕಿಂತ ಕಠಿಣವಾದ ತೊಡಕು ಒಡೆತನದ್ದು. ತಲೆಮಾರಿನಿಂದ ತಲೆಮಾರಿಗೆ ಪಾಲಾಗುತ್ತ ಬಂದ ಒಂದು ಮನೆಗೆ ಹತ್ತಾರು ವಾರಸುದಾರರು ಇರುತ್ತಾರೆ. ಅವರಲ್ಲಿ ಅರ್ಧ ಜನ ಬೇರೆ ಊರಿನಲ್ಲಿ, ಕೆಲವರು ಫ್ರಾನ್ಸ್‌ನಲ್ಲಿ. ಒಳಗಿರುವ ಬಾಡಿಗೆದಾರ ಕೊಡುವುದು ಜುಜುಬಿ. ದುರಸ್ತಿಗೆ ಹಣ ಹಾಕುವವರು ಯಾರು? ಫೆಸ್‌ನ ಓಣಿಗಳಲ್ಲಿ ಎದುರುಬದುರು ಗೋಡೆಗಳ ನಡುವೆ ಅಡ್ಡ ತೊಲೆಗಳನ್ನು ಕೊಟ್ಟು ನಿಲ್ಲಿಸಿರುವ ಮನೆಗಳನ್ನು ನೀವು ಖಂಡಿತ ನೋಡುತ್ತೀರಿ. ಮರಾಕೆಶ್‌ನಲ್ಲಿ 1990ರ ದಶಕದಿಂದ ಯುರೋಪಿನವರು ಬಂದು ಇಂಥ ಮನೆಗಳನ್ನು ಕೊಂಡು ಅತಿಥಿಗೃಹ ಮಾಡಿದರು. ಕಟ್ಟಡಗಳು ಉಳಿದವು, ಝೆಲಿಜ್ ಹಂಚು ಕೂರಿಸುವವರಿಗೂ ಗಚ್ಚಿನ ಕೆತ್ತನೆಯವರಿಗೂ ಕೈತುಂಬ ಕೆಲಸ ಸಿಕ್ಕಿತು. ಜೊತೆಗೆ ಬೆಲೆ ಏರಿ ಸ್ಥಳೀಯರು ಕೊಳ್ಳಲಾಗದಂತಾಯಿತು, ಕೇರಿಯ ರೊಟ್ಟಿಯೊಲೆಗೆ ಹಿಟ್ಟಿನ ಮುದ್ದೆ ತರುವ ಮನೆಗಳೂ ಕಡಿಮೆಯಾದವು.

ಅಗಸೆಬಾಗಿಲು:

ಎಲ್ಲರಿಗೂ ಕೃತಜ್ಞತೆಗಳು. ಫೆಸ್‌ನಲ್ಲಿ ಇದನ್ನೆಲ್ಲ ಕಣ್ಣಾರೆ ಕಾಣಬೇಕಾದರೆ ಎಲ್ಲಿಂದ ಶುರುಮಾಡಬೇಕು, ಒಳಗೆ ಬಿಡದ ಜಾಗಗಳು ಯಾವುವು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಮೇಷ್ಟ್ರು:

ಮೊದಲು ಉತ್ತರದ ಗುಡ್ಡದ ಮೇಲಿರುವ ಮರೀನಿದ್ ಗೋರಿಗಳ ಬಳಿ ಹೋಗಿ ಇಡೀ ಊರನ್ನು ಮೇಲಿನಿಂದ ನೋಡಿಕೊಳ್ಳಿ. ನದಿಯ ತಗ್ಗು, ಗೋಡೆಯ ಸುತ್ತು, ಮಸೀದಿಯ ಸ್ಥಾನ ಮನಸ್ಸಿನಲ್ಲಿ ಕೂರುತ್ತವೆ. ಆಮೇಲೆ ಬಾಬ್ ಬೂ ಜಲೂದ್ ಮೂಲಕ ಒಳಹೋಗಿ. ನೀಲಿ ಹಂಚಿನ ಆ ಬಾಗಿಲನ್ನು ಎಲ್ಲರೂ ಬಹಳ ಪ್ರಾಚೀನವೆಂದು ತಿಳಿಯುತ್ತಾರೆ, ಅದು 1913ರಲ್ಲಿ ಫ್ರೆಂಚ್ ಆಡಳಿತ ಕಟ್ಟಿಸಿದ್ದು. ಹಳೆಯ ಸಣ್ಣ ಬಾಗಿಲು ಪಕ್ಕದಲ್ಲೇ ಇದೆ. ತಲಾ ಕಬೀರಾ ಬೀದಿಯಲ್ಲಿ ಇಳಿಯುತ್ತ ಹೋದರೆ ಬೂ ಇನಾನಿಯಾ ಸಿಗುತ್ತದೆ, ಅಲ್ಲಿ ಎಲ್ಲರಿಗೂ ಪ್ರವೇಶವಿದೆ. ಕೆಳಗೆ 1325ರ ಹೊತ್ತಿಗೆ ಮುಗಿದ ಅತ್ತಾರೀನ್ ಮದ್ರಸಾಕ್ಕೂ ಪ್ರವೇಶವಿದೆ. ಅದರ ಎದುರಿನ ಕರವೀಯಿನ್ ಮಸೀದಿ, 859ರಲ್ಲಿ ಫಾತಿಮಾ ಅಲ್-ಫಿಹ್ರಿ ಎಂಬ ಮಹಿಳೆ ಸ್ಥಾಪಿಸಿದಳೆಂದು ಪರಂಪರೆ ಹೇಳುವುದು, ಮುಸ್ಲಿಮೇತರರಿಗೆ ಒಳಗೆ ಬಿಡುವುದಿಲ್ಲ. ಬಾಗಿಲಿನಿಂದ ಅಂಗಳ ಕಾಣುತ್ತದೆ. ಮುಸ್ಲಿಮೇತರರು ಮಸೀದಿ ಪ್ರವೇಶಿಸಕೂಡದೆಂಬ ಈ ಕಟ್ಟುಪಾಡು ಲ್ಯೋತೆಯ ಕಾಲದಿಂದ ಬಂದದ್ದು. ಹೊಸ ಫೆಸ್‌ನ ಪಕ್ಕದ ಮೆಲ್ಲಾವನ್ನೂ ಬಿಡಬೇಡಿ. 15ನೇ ಶತಮಾನದಲ್ಲಿ ಯೆಹೂದಿಗಳನ್ನು ಅರಮನೆಯ ಬಳಿಗೆ ಸ್ಥಳಾಂತರಿಸಿದಾಗ ಹುಟ್ಟಿದ ಆ ಕೇರಿಯ ಮನೆಗಳಿಗೆ ಬೀದಿಯತ್ತ ತೆರೆದ ಮರದ ಮೊಗಸಾಲೆ, ಕಿಟಕಿಗಳಿವೆ. ಹಳೆಯೂರಿನ ಕುರುಡು ಗೋಡೆಗಳನ್ನು ನೋಡಿ ಬಂದ ದಿನವೇ ಅಲ್ಲಿಗೂ ಹೋಗಿ.

ಬಾಬ್‌ ಸಾಮೀಪ್ಯ:

ಒಂದು ಸೇರಿಸುತ್ತೇನೆ. ಹಿಂದಿನಿಂದ ‘ಬಾಲಕ್’ ಎಂಬ ಕೂಗು ಕೇಳಿದರೆ ತಿರುಗಿ ನೋಡುತ್ತ ನಿಲ್ಲಬೇಡಿ, ತಕ್ಷಣ ಗೋಡೆಗೆ ಒತ್ತಿಕೊಳ್ಳಿ. ಹೇರು ಹೊತ್ತ ಹೇಸರಗತ್ತೆ ಬರುತ್ತಿರುತ್ತದೆ, ಇಳಿಜಾರಿನಲ್ಲಿ ಅದಕ್ಕೆ ನಿಲ್ಲಲಾಗುವುದಿಲ್ಲ. ಮುಚ್ಚುತುದಿಯ ಓಣಿಯೊಳಕ್ಕೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ನೆರೆಗೋಡೆಯವರು ಹೇಳಿದಂತೆ ಅದು ಆ ಮನೆಯವರ ಅಂಗಳ. ಶುಕ್ರವಾರ ಮಧ್ಯಾಹ್ನದ ಮೇಲೆ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಆದ್ದರಿಂದ ಪೇಟೆ ನೋಡಲು ಬೇರೆ ದಿನ ಇಟ್ಟುಕೊಳ್ಳಿ.